ಎರಡು ಬೆರಳು ಸಡಿಲ

ಶಿವಮೊಗ್ಗದ ಹೊಸಮನೆಯ ಹಿರಿಯಣ್ಣ ಮೇಷ್ಟ್ರು ಐವತ್ತೆರಡು ವರ್ಷದ ಬಾಳಿನಲ್ಲಿ ತಮ್ಮ ಸ್ವಂತ ಆಸೆಗೆಂದು ಕೊಂಡ ವಸ್ತು ಒಂದೇ ಒಂದು. ಅದು ಕಡುನೀಲಿ ಬಣ್ಣದ ಬೈಕು. ಭದ್ರಾವತಿಯ ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳುವ ಅವರು ದಿನಾ ಬೆಳಿಗ್ಗೆ ಹಳೆಯ ಪಂಚೆಯ ತುಂಡಿನಿಂದ ಅದನ್ನು ಒರೆಸಿ, ಟ್ಯಾಂಕಿನಲ್ಲಿ ತಮ್ಮ ಮುಖ ಕಂಡ ಮೇಲೆಯೇ ಕೀ ತಿರುಗಿಸುತ್ತಿದ್ದರು. ಅಂಥ ಬೈಕಿನ ಬಣ್ಣ ಈಗ ಕಣ್ಣೆದುರಿಗೇ ಸವೆಯುತ್ತಿತ್ತು. ಸವೆಸುತ್ತಿದ್ದದ್ದು ಸೀಟಿನ ಕವರು. ಕವರು ಹೊಲಿದದ್ದು ಸಾಕ್ಷಾತ್ ಧರ್ಮಪತ್ನಿ ಶಾಮಲಮ್ಮ. ಹಾಗಾಗಿ ಮೇಷ್ಟ್ರ ಬಾಯಿಗೆ ಬೀಗ ಬಿದ್ದಿತ್ತು.

ಬೀಗಕ್ಕೆ ಕಾರಣವಿದೆ. ನಾಲ್ಕು ವರ್ಷದ ಹಿಂದೆ ಶಾಮಲಮ್ಮ ಕೇಕ್ ಮಾಡಲು ಕಲಿತು, ಮೊದಲ ಕೇಕಿನ ತುಂಡನ್ನು ತಟ್ಟೆಗೆ ಹಾಕಿ, ಹೇಗಿದೆ ಎಂದು ಕೇಳಿದ್ದರು. ಮೇಷ್ಟ್ರು (ಪ್ರಶ್ನೆ ಬಂದರೆ ಉತ್ತರ ಕೊಟ್ಟೇ ತೀರುವುದು ಆ ವೃತ್ತಿಯ ಹುಟ್ಟುಗುಣ) ಇಟ್ಟಿಗೆ ಚೆನ್ನಾಗಿ ಬೆಂದಿದೆ, ಇನ್ನು ಗಾರೆ ಕಲಸಿದರೆ ಮನೆ ಕಟ್ಟಬಹುದು ಎಂದುಬಿಟ್ಟರು. ಶಾಮಲಮ್ಮ ಅಳಲಿಲ್ಲ, ಜಗಳವಾಡಲಿಲ್ಲ. ಅಂದು ಸಂಜೆಯೇ ಓವನ್ನು ಅಟ್ಟ ಹತ್ತಿತು. ಅದರೊಳಗೆ ಈಗ ಹಳೆಯ ಪಂಚಾಂಗಗಳಿವೆ. ಆಮೇಲೆ ಮೂರು ವರ್ಷ ಶಾಮಲಮ್ಮ ಹೊಸದೇನನ್ನೂ ಕಲಿಯುವ ಮಾತೆತ್ತಲಿಲ್ಲ. ಸಂಜೆಯ ಹೊತ್ತು ಸುಮ್ಮನೆ ಕಿಟಕಿಯ ಹತ್ತಿರ ಕೂರುತ್ತಿದ್ದರು. ಅದನ್ನು ನೋಡುವಾಗಲೆಲ್ಲ ಮೇಷ್ಟ್ರು ತಮ್ಮ ನಾಲಗೆಯನ್ನೇ ಶಪಿಸಿಕೊಳ್ಳುತ್ತಿದ್ದರು.

ಅಂಥವರು ಈ ಸಲ ರಂಜಿನಿ ಟೀಚರ ಹತ್ತಿರ ಆರು ತಿಂಗಳು ಹೊಲಿಗೆ ಕಲಿತು, ಮಿಷನ್ ತರಿಸಿ, ಆಯುಧಪೂಜೆಯ ದಿನ ಬೈಕಿಗೆ ಕುಂಕುಮ ಇಡುವ ಮುಂಚೆ ತಾವೇ ಹೊಲಿದ ಕಂದು ರೆಕ್ಸಿನ್ ಕವರನ್ನು ಸೀಟಿಗೆ ತೊಡಿಸಿದರು. ಮುಖದಲ್ಲಿ ಮದುವೆಯ ದಿನವೂ ಇರದಿದ್ದ ಕಳೆ. ಹೊಲಿಗೆ ಇರುವೆ ಸಾಲಿನ ಹಾಗೆ ನೇರವಾಗಿತ್ತು. ಅಳತೆ ಮಾತ್ರ ಉದಾರವಾಗಿತ್ತು. ಒಗೆದರೆ ಬಟ್ಟೆ ಕುಗ್ಗುತ್ತದೆ, ಆದ್ದರಿಂದ ಸುತ್ತಲೂ ಎರಡು ಬೆರಳು ಸಡಿಲ ಬಿಡಬೇಕು ಎಂಬುದು ರಂಜಿನಿ ಟೀಚರ ಮೊದಲ ಪಾಠ. ಶಾಮಲಮ್ಮ ರವಿಕೆಗೆ ಬಿಟ್ಟ ಹಾಗೆ ಬೈಕಿಗೂ ಬಿಟ್ಟಿದ್ದರು. ರೆಕ್ಸಿನ್ನಿಗೆ ಕುಗ್ಗುವ ಸ್ವಭಾವವೇ ಇಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಶಾಲೆಯ ದಾರಿಯಲ್ಲಿ ಮಾಚೇನಹಳ್ಳಿಯ ಹತ್ತಿರ ಬ್ರೇಕ್ ಹಾಕಿದರೆ ಬೈಕು ನಿಲ್ಲುತ್ತಿತ್ತು, ಮೇಷ್ಟ್ರು ಕವರಿನ ಸಮೇತ ಟ್ಯಾಂಕಿನವರೆಗೆ ಪ್ರಯಾಣ ಮುಂದುವರಿಸುತ್ತಿದ್ದರು. ಸಡಿಲ ಅಂಚಿನ ಅಡಿಗೆ ರಸ್ತೆಯ ಧೂಳೆಲ್ಲ ಸೇರಿ, ಭದ್ರಾವತಿ ಮುಟ್ಟುವವರೆಗೂ ಬಣ್ಣವನ್ನು ಉಜ್ಜುತ್ತಿತ್ತು. ಮೊದಲ ವಾರ ಹೊಳಪು ಹೋಯಿತು. ಎರಡನೆಯ ವಾರ ನೀಲಿ ಹೋಯಿತು. ಮೂರನೆಯ ವಾರ ಅಡಿಯ ಬೂದುಬಣ್ಣ ಇಣುಕಿತು. ಮೇಷ್ಟ್ರು ಕವರಿನೊಳಗೆ ಹಳೇ ಬನಿಯನ್ ತುರುಕಿದರು, ಅಂಚಿಗೆ ಟೇಪು ಸುತ್ತಿದರು, ಕೊನೆಗೆ ದಾರ ಕಟ್ಟಿದರು. ಸ್ಟಾಫ್ ರೂಮಿನಲ್ಲಿ ಪಿ.ಟಿ. ಮೇಷ್ಟ್ರು, ಬೈಕನ್ನು ಯಾವ ಆಸ್ಪತ್ರೆಯಿಂದ ಬಿಡಿಸಿಕೊಂಡು ಬಂದಿರಿ ಎಂದು ವಿಚಾರಿಸಿದರು. ಇತ್ತ ಶಾಮಲಮ್ಮ ಪ್ರತಿ ಶನಿವಾರ ಕವರು ಬಿಚ್ಚಿ, ಸೋಪಿನ ನೀರಲ್ಲಿ ನೆನೆಸಿ ಒಗೆದು, ಮತ್ತೆ ತೊಡಿಸಿ ಎಳೆದು ನೋಡಿ, ಇನ್ನೊಂದು ಒಗೆತ ಆಗಬೇಕು ಎನ್ನುತ್ತಿದ್ದರು.

ಸತ್ಯ ಹೇಳಿದರೆ ಮಿಷನ್ನೂ ಅಟ್ಟ ಹತ್ತುತ್ತದೆ, ಹೇಳದಿದ್ದರೆ ಬೈಕು ಬೋಳಾಗುತ್ತದೆ. ಅಪ್ರಿಯವಾದ ಸತ್ಯವನ್ನು ಆಡಬಾರದೆಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು, ಮೂರನೆಯ ಒಗೆತ ಮುಗಿದ ಸೋಮವಾರವೇ ಶಾಲೆ ಬಿಟ್ಟ ಮೇಲೆ ಭದ್ರಾವತಿಯಲ್ಲಿ ಸೀಟು ಹೊಲಿಯುವ ಚೌಡಪ್ಪನವರ ಅಂಗಡಿಗೆ ಕಳ್ಳನ ಹಾಗೆ ಹೋದರು. ಚೌಡಪ್ಪ ಕವರನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹೊಲ್ದಿರೋ ಕೈ ಬಂಗಾರ, ಮೇಷ್ಟ್ರೇ. ಆದ್ರೆ ಸೀಟು ಇನ್ನೂ ಬೆಳೀತದೆ ಅಂದ್ಕೊಂಡು ಹೊಲ್ದಿದಾರೆ."

ಹೊಲಿಗೆ ಬಿಚ್ಚಿದ ಗುರುತು ಕಾಣಬಾರದು, ಈ ವಿಷಯ ಶಿವಮೊಗ್ಗಕ್ಕೆ ತಿಳಿಯಬಾರದು ಎಂದು ಮೇಷ್ಟ್ರು ಬೇಡಿಕೊಂಡರು. ಒಂದು ಗಂಟೆಯಲ್ಲಿ ಕವರು ಸೀಟಿಗೆ ಚರ್ಮದಂತೆ ಅಂಟಿ ಕೂತಿತು. ಅಂದು ದಾರಿಯುದ್ದಕ್ಕೂ ಮೇಷ್ಟ್ರು ಇದ್ದ ಜಾಗದಲ್ಲೇ ಇದ್ದರು.

ಮರುದಿನ ಬೆಳಿಗ್ಗೆ ಶಾಮಲಮ್ಮ ಕವರನ್ನು ಮುಟ್ಟಿದರು, ಎಳೆದರು, ಅದು ಅಲುಗಲಿಲ್ಲ. ಕಣ್ಣಲ್ಲಿ ನೀರು ತುಂಬಿ ಬಂತು.

"ನೋಡಿದ್ರಾ, ಮೂರನೇ ಒಗೆತಕ್ಕೆ ಕುಗ್ತು. ನಾನು ಹೇಳಿರ್ಲಿಲ್ವಾ?"

ಮೇಷ್ಟ್ರು "ಹೌದು" ಅಂದರು. ಆ ಒಂದು ಮಾತಿಗೆ ಅವರು ಆಮೇಲೆ ಪಟ್ಟ ಪಶ್ಚಾತ್ತಾಪವನ್ನು ವಿವರಿಸಲು ಹದಿನೆಂಟು ಪರ್ವ ಸಾಲದು. ಗೆದ್ದ ಹುಮ್ಮಸ್ಸಿನಲ್ಲಿ ಶಾಮಲಮ್ಮ ಬೀದಿಯವರಿಗೆಲ್ಲ ಕವರು ಹೊಲಿದುಕೊಡಲು ಒಪ್ಪಿಕೊಂಡರು. ಹದಿನೈದೇ ದಿನದಲ್ಲಿ ಐದು ಬೈಕುಗಳು ಎರಡೆರಡು ಬೆರಳು ಸಡಿಲದ ಅಂಗಿ ತೊಟ್ಟು ಓಡಾಡತೊಡಗಿದವು. ಮಿಷನ್ನಿನ ಸದ್ದು ಕೇಳಿದಾಗಲೆಲ್ಲ ಮೇಷ್ಟ್ರಿಗೆ ಸಂತೋಷವೂ ಆಗುತ್ತಿತ್ತು, ದಿಗಿಲೂ ಆಗುತ್ತಿತ್ತು. ಈಗ ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಒಂದು ತಿಂಗಳು ಕಳೆಯಿತು.

ಒಂದು ಭಾನುವಾರ ಎದುರುಮನೆಯ ಸುಬ್ಬಪ್ಪ ಬೈಕನ್ನು ತಳ್ಳಿಕೊಂಡೇ ಅಂಗಳಕ್ಕೆ ಬಂದರು. ಆಯನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಅವರು ದಿನಾ ಆ ಬೈಕಿನಲ್ಲೇ ಹೋಗಿ ಬರುವವರು. ಟ್ಯಾಂಕಿನ ಹಿಂದೆ ಅಂಗೈಯಗಲ ಬಣ್ಣ ಹೋಗಿತ್ತು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಐದು ಸಲ ಒಗ್ದೆ. ಕವರ್ ಕುಗ್ಲಿಲ್ಲ, ಸೋಪು ಕುಗ್ತು."

ಶಾಮಲಮ್ಮನವರ ಮುಖ ಸಣ್ಣದಾಯಿತು. ಅವರು ಗಂಡನ ಕಡೆ ತಿರುಗಿದರು. "ನಮ್ದು ಮೂರೇ ಒಗೆತಕ್ಕೆ ಕುಗ್ತಲ್ಲ. ನೀವೇ ಹೇಳಿ ಇವ್ರಿಗೆ."

ಇನ್ನೊಂದು "ಹೌದು" ಹೇಳಿದರೆ ಬೀದಿಯೆಲ್ಲ ಬೋಳಾಗಿ, ಹೆಂಡತಿಯ ಹೆಸರೂ ಹಾಳಾಗುತ್ತದೆ. ಮೇಷ್ಟ್ರು ಬಾಯಿಯ ಬೀಗ ತೆಗೆದರು.

"ಅದು ಕುಗ್ಲಿಲ್ಲ ಶಾಮಲಾ. ಭದ್ರಾವತೀಲಿ ನಾನೇ ಬಿಗಿ ಮಾಡಿಸ್ದೆ."

ಸುಬ್ಬಪ್ಪ ಏನೋ ಕೆಲಸ ನೆನಪಾಯಿತೆಂದು ಬೈಕು ಅಲ್ಲೇ ಬಿಟ್ಟು ಹೊರಟುಹೋದರು. ಶಾಮಲಮ್ಮ ಒಳಗೆ ಹೋಗಿ ಮಿಷನ್ನಿನ ಮುಂದೆ ಕೂತರು. ಊಟವಾಯಿತು, ಮಾತಿಲ್ಲ. ಕಾಫಿಯಾಯಿತು, ಮಾತಿಲ್ಲ. ಅವರು ಅಟ್ಟದ ಕಡೆ ಒಂದು ಸಲ ಕಣ್ಣು ಹಾಯಿಸಿದಂತೆ ಕಂಡದ್ದೇ ಮೇಷ್ಟ್ರ ಜೀವ ಹಾರಿಹೋಯಿತು.

"ಮಿಷನ್ ಅಟ್ಟಕ್ಕೆ ಹಾಕ್ಬೇಡ ಮಾರಾಯ್ತಿ. ಬೇಕಾದ್ರೆ ನನ್ನನ್ನೇ ಹಾಕು."

"ಮಿಷನ್ ಏನು ತಪ್ಪು ಮಾಡಿದೆ?" ಎಂದರು ಶಾಮಲಮ್ಮ. "ಆ ಅಂಗಡಿಯವ್ರು ಏನಂದ್ರು, ಅದನ್ನ ಹೇಳಿ."

ಮೇಷ್ಟ್ರು ಬಂಗಾರದ ಕೈಯನ್ನೂ ಹೇಳಿದರು, ಬೆಳೆಯುವ ಸೀಟನ್ನೂ ಹೇಳಿದರು. ಶಾಮಲಮ್ಮ ತಮ್ಮ ಎರಡು ಬೆರಳು ಜೋಡಿಸಿ ನೋಡಿಕೊಂಡರು.

"ಇದನ್ನ ಮೊದಲ್ನೇ ದಿನಾನೇ ಹೇಳಿದ್ರೆ ನಿಮ್ಮ ಬಣ್ಣನೂ ಉಳೀತಿತ್ತು, ನನ್ನ ಮಾನನೂ ಉಳೀತಿತ್ತು."

ಮರುದಿನ ಅವರು ಐದೂ ಕವರುಗಳನ್ನು ಬಿಚ್ಚಿಸಿ ಚೀಲಕ್ಕೆ ತುಂಬಿ, ಮೇಷ್ಟ್ರ ಹಿಂದೆ ಕೂತು ಭದ್ರಾವತಿಗೆ ಹೋದರು. ಒಂದು ವಾರ ಚೌಡಪ್ಪನವರ ಅಂಗಡಿಯಲ್ಲಿ ಕೂತು, ರೆಕ್ಸಿನ್ ಎಷ್ಟು ಹಿಗ್ಗುತ್ತದೆ, ಎಲ್ಲಿ ಬಿಗಿಯಬೇಕು ಎಂದು ಕಲಿತು, ಐದನ್ನೂ ತಮ್ಮ ಕೈಯಾರೆ ಸರಿಮಾಡಿ ಕೊಟ್ಟರು. ಈಗ ಅವರು ಹೊಲಿದ ಕವರಿನ ಮೇಲೆ ನೊಣ ಕೂತರೂ ಜಾರುತ್ತದೆ, ಕವರು ಮಾತ್ರ ಜಾರುವುದಿಲ್ಲ.

ಕೊನೆಯ ಕವರು ಸುಬ್ಬಪ್ಪನವರ ಮನೆ ಸೇರಿದ ಸಂಜೆ, ಇನ್ನು ಈ ಮನೆಯಲ್ಲಿ ಮುಚ್ಚುಮರೆ ಬೇಡ ಎಂದರು ಶಾಮಲಮ್ಮ. ಖಂಡಿತ ಬೇಡ ಎಂದು ಮೇಷ್ಟ್ರು ಗಂಭೀರವಾಗಿ ಅನುಮೋದಿಸಿದರು.

"ಹಂಗಾದ್ರೆ ನಂದೂ ಒಂದಿದೆ," ಎಂದು ಶಾಮಲಮ್ಮ ತಲೆ ತಗ್ಗಿಸಿದರು. "ಬೆಳಿಗ್ಗೆ ನೀವು ಗಟ್ಟಿಯಾಗಿ ಸ್ತೋತ್ರ ಹೇಳ್ತೀರಲ್ಲ, ಆಗ ನಾನು ಮಿಕ್ಸಿ ಹಾಕೋದು ಚಟ್ನಿಗಲ್ಲ. ಚಟ್ನಿ ಮೊದ್ಲೇ ರುಬ್ಬಿರ್ತೀನಿ, ಆಗ ತಿರುಗೋದು ಖಾಲಿ ಜಾರು."

ತಮ್ಮ ದನಿಯನ್ನು ಮುಳುಗಿಸಲೆಂದೇ ಆ ಸದ್ದು ಎಂದು ಮೇಷ್ಟ್ರಿಗೆ ನಿಧಾನವಾಗಿ ಹೊಳೆಯಿತು. ಎಷ್ಟು ವರ್ಷದಿಂದ ಎಂದು ಮೆಲ್ಲಗೆ ಕೇಳಿದರು.

"ಮದುವೆ ಆದಾಗಿಂದ. ಹೇಳಿದ್ರೆ ಎಲ್ಲಿ ನಿಲ್ಲಿಸಿಬಿಡ್ತೀರೋ ಅಂತ ಸುಮ್ನಿದ್ದೆ."

ಮಾರನೆಯ ಬೆಳಿಗ್ಗೆ ಮೇಷ್ಟ್ರು ದೇವರ ಮುಂದೆ ಕೂತು ತುಟಿ ಮಾತ್ರ ಆಡಿಸಿದರು. ಅಡುಗೆಮನೆಯಲ್ಲಿ ಮಿಕ್ಸಿಯ ಸದ್ದೇ ಕೇಳಲಿಲ್ಲ. ತಿಂಡಿಗೆ ಕೂತಾಗ ತಟ್ಟೆಯಲ್ಲಿ ಇಡ್ಲಿಯ ಪಕ್ಕ ಚಟ್ನಿ ಎಂದಿನಷ್ಟೇ ಇತ್ತು.