ವೇಗ ಇಳಿಸುವ ಯಜಮಾನರು

ಯಜಮಾನರಿಗೆ ತಮ್ಮ ಮನೆಯ ಫ್ಯಾನಿನ ವೇಗ ಇಳಿಸುವ ಅಧಿಕಾರವೂ ಇರಲಿಲ್ಲ. ಆಫೀಸಿನಲ್ಲಿ ಮಾತ್ರ ಅರ್ಧ ಊರಿನ ವೇಗ ಅವರ ಬೆರಳ ತುದಿಯಲ್ಲಿತ್ತು. ಇಂಟರ್ನೆಟ್ ಕಂಪನಿಯಲ್ಲಿ ಅವರ ಕೆಲಸವೇ ಅದು. ಸಂಜೆ ಹೊರಡುವ ಮುಂಚೆ ಅವರೊಂದು ಗುಂಡಿ ಒತ್ತಿದರೆ, ಆರರಿಂದ ಹತ್ತರವರೆಗೆ ಗಿರಾಕಿಗಳ ಮೆಸೇಜು, ಇಮೇಲು ಎಲ್ಲ ಸರಾಗ. ವಿಡಿಯೋ ಮಾತ್ರ ಬಸವನಹುಳು. ಈ ಘನಕಾರ್ಯ ಮನೆಯಲ್ಲಿ ಗೊತ್ತಿರಲಿಲ್ಲ. (ಆಫೀಸಲ್ಲಿ ಏನು ಮಾಡ್ತೀರಿ ಎಂದು ಹೆಂಡತಿ ಕೇಳಿದಾಗಲೆಲ್ಲ "ಜನಸೇವೆ" ಎನ್ನುತ್ತಿದ್ದರು.)

ಹೆಂಡತಿ ವಿಡಿಯೋ ನೋಡಿ ಹೊಲಿಗೆ ಕಲಿಯುತ್ತಿದ್ದಳು. ಒಂದು ಸಂಜೆ ಯಜಮಾನರ ಪ್ಯಾಂಟನ್ನು ಗಿಡ್ಡ ಮಾಡಲು ಕತ್ತರಿ ಹಾಕಿದ ಗಳಿಗೆಗೆ ಸರಿಯಾಗಿ, ಪಾಠ ಹೇಳುವಾಕೆ ತೆರೆದ ಬಾಯಿ ತೆರೆದಂತೆಯೇ ನಿಂತುಬಿಟ್ಟಳು. ಪ್ಯಾಂಟಿನ ಒಂದು ಕಾಲು ಪಾದದವರೆಗೆ, ಇನ್ನೊಂದು ಮೊಣಕಾಲಿನವರೆಗೆ ಉಳಿಯಿತು.

"ಯಾವನ್ರೀ ಇದನ್ನ ನಿಧಾನ ಮಾಡೋನು? ಅವನ ಮನೆ ಹಾಳಾಗ!"

"ಹಾಗನ್ನಬೇಡ ಕಣೇ. ಪಾಪ, ಅವನ ಹೆಂಡ್ತಿ ಏನು ತಪ್ಪು ಮಾಡಿದಾಳೆ?"

"ಅಂಥೋನನ್ನ ಕಟ್ಕೊಂಡಿದಾಳಲ್ಲ, ಅದೇ ತಪ್ಪು!"

ಯಜಮಾನರು ಮರುದಿನವೇ ಗುಟ್ಟಾಗಿ ತಮ್ಮ ಮನೆಯೊಂದಕ್ಕೆ ವಿನಾಯಿತಿ ದಯಪಾಲಿಸಿದರು. ಹೊಲಿಗೆ ಪಾಠ ಸಲೀಸಾಗಿ ಓಡಿತು. ಆ ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಹೆಂಡತಿ ತನ್ನ ಅಣ್ಣನಿಗೆ ಫೋನ್ ಮಾಡಿದಳು.

ಈ ಭಾವ ನಿವೃತ್ತ ಹೆಡ್‌ಮಾಸ್ಟರು, ಕುಸ್ತಿ ವಿಡಿಯೋಗಳ ಪರಮಭಕ್ತರು. "ಎರಡು ದಿನ ಇದ್ದು ಹೋಗ್ತೀನಿ" ಎಂದು ಗಂಟುಮೂಟೆಯೊಡನೆ ಬಂದಿಳಿದರು. ಬಂದವರೇ ಬೆತ್ತದ ಕುರ್ಚಿ ಹಿಡಿದರು. ಹದಿನೈದು ದಿನವಾದರೂ ಬಿಡಲಿಲ್ಲ. ಆಫೀಸಿನಿಂದ ಬಂದು ಆ ಕುರ್ಚಿಯಲ್ಲಿ ಒಂದು ಗಂಟೆ ತುಟಿಪಿಟಕ್ಕೆನ್ನದೆ ಕೂರುವುದೊಂದೇ ಯಜಮಾನರ ಬಾಳಿನ ಸುಖವಾಗಿತ್ತು. ಈಗ ಅವರು ಸ್ಟೂಲಿನ ಮೇಲೆ ಕೂತು, ಯಾರೋ ಯಾರನ್ನೋ ಎತ್ತಿ ಒಗೆಯುವುದನ್ನು ನೋಡಬೇಕಾಯಿತು.

ಹದಿನಾರನೆಯ ದಿನ, ಹೊಲಿಗೆ ಹಾಳಾದರೂ ಸರಿಯೆಂದು, ಯಜಮಾನರು ಹಲ್ಲು ಕಚ್ಚಿ ವಿನಾಯಿತಿ ಕಿತ್ತುಹಾಕಿದರು. ಸಂಜೆ ಎದುರಾಳಿಯನ್ನು ತಲೆಯ ಮೇಲೆತ್ತಿದ ಪೈಲ್ವಾನ ಎತ್ತಿಕೊಂಡೇ ನಿಂತ. ಭಾವ ಹತ್ತು ನಿಮಿಷ ಕಾದರು. ಯಜಮಾನರು ಮನಸ್ಸಿನಲ್ಲೇ ಅವರನ್ನು ಬಸ್ಸು ಹತ್ತಿಸತೊಡಗಿದರು.

"ಹೋಗ್ಲಿ ಬಿಡಿ, ಒಳ್ಳೇದೇ ಆಯ್ತು" ಎಂದು ಹೆಡ್‌ಮಾಸ್ಟರು ಚೀಲದಿಂದ ದಪ್ಪ ದಪ್ಪ ನೋಟ್‌ಬುಕ್ಕುಗಳನ್ನು ತೆಗೆದರು. "ನನ್ನ ಆತ್ಮಕಥೆ. ಬರೆದಿಟ್ಟು ನಾಲ್ಕು ವರ್ಷ ಆಯ್ತು, ಕೇಳೋರು ಸಿಕ್ಕಿರಲಿಲ್ಲ. ಒಂದನೇ ಕ್ಲಾಸಿಂದ ಓದ್ಲಾ?"

ಉತ್ತರಕ್ಕೆ ಕಾಯುವುದುಂಟೇ? ಓದಿಯೇ ಓದಿದರು. ನಡುನಡುವೆ ಪ್ರಶ್ನೆ ಬೇರೆ: "ನಮ್ಮ ಲೆಕ್ಕದ ಮೇಷ್ಟ್ರು ನನಗೆ ಮೊದಲು ಹೊಡೆದದ್ದು ಯಾವ ಕಿವಿಗೆ, ಹೇಳಿ ನೋಡೋಣ?" ತೂಕಡಿಸಿದರೆ ಆ ಪುಟ ಮತ್ತೆ ಮೊದಲಿನಿಂದ.

ಮೂರೇ ಸಂಜೆಗೆ ಯಜಮಾನರು ಶರಣಾದರು. ನಾಲ್ಕನೆಯ ದಿನ ಆಫೀಸಿಗೆ ಓಡಿ, ವಿನಾಯಿತಿ ಮರಳಿ ಕೊಟ್ಟದ್ದಲ್ಲದೆ ಮನೆಯ ವೇಗವನ್ನು ಎರಡರಷ್ಟು ಮಾಡಿದರು. ಸಂಜೆ ಹೆಂಡತಿ ಹಿಗ್ಗಿನಿಂದ ಕೂಗಿದಳು: "ಅಣ್ಣಾ, ನೆಟ್ ಸರಿ ಹೋಯ್ತು! ಕುಸ್ತಿ ಹಾಕ್ಲಾ?"

ಯಜಮಾನರು ಆಸೆಯಿಂದ ಭಾವನ ಮುಖ ನೋಡಿದರು. ಭಾವ ಕನ್ನಡಕ ಏರಿಸಿಕೊಂಡು ಪುಟ ತಿರುವಿದರು.

"ಬೇಡಮ್ಮ, ಆಫ್ ಮಾಡು. ನಿನ್ನ ಯಜಮಾನರು ಎಷ್ಟು ಶ್ರದ್ಧೆಯಿಂದ ಕೇಳ್ತಿದಾರೆ! ನಾವಿನ್ನೂ ಮೂರನೇ ಕ್ಲಾಸಲ್ಲಿದೀವಿ. ಅಲ್ಲಿ ನಾನು ಎರಡು ವರ್ಷ ಇದ್ದೆ."