ಗಾಳಿರಾಯನ ನಿಂಬೆಹಣ್ಣು

ಎಲ್ಲಕ್ಕೂ ಮೂಲ ಒಂದು ನಿಂಬೆಹಣ್ಣು. ಬೆಳಿಗ್ಗೆ ಹೊರಡುವಾಗ ಹೆಂಡತಿ ಅದನ್ನು ಗಂಡನ ಜೇಬಿಗೆ ತುರುಕಿ, "ತಲೆ ತಿರುಗಿದ್ರೆ ಮೂಸ್ಕೊಳ್ಳಿ. ಯಾರಿಗೂ ತೋರಿಸ್ಬೇಡಿ, ನಕ್ಕಾರು," ಎಂದಳು.

ನಗುವಂಥದ್ದೇ. ಹಡಗುಗಳನ್ನು ಗಾಳಿ ಏನು ಮಾಡುತ್ತದೆಂದು ಲೆಕ್ಕ ಹಾಕುವ ಎಂಜಿನಿಯರ್ ಆತ; ಜೊತೆಯವರು ಇಟ್ಟ ಹೆಸರು ಗಾಳಿರಾಯ. ಆದರೆ ಹಡಗು ಹತ್ತುವುದಿರಲಿ, ಮಗಳ ಉಯ್ಯಾಲೆ ತೂಗಿದರೂ ಅವನ ಹೊಟ್ಟೆ ತೊಳಸುತ್ತಿತ್ತು.

ಕೆಲಸದ ಜಾಗ ಒಂದು ದೊಡ್ಡ ಶೆಡ್ಡು. ನಡುವೆ ನೀರಿನ ತೊಟ್ಟಿ, ಒಂದು ಬದಿಗೆ ಸಾಲು ಫ್ಯಾನುಗಳು. ನೀರಿನಲ್ಲಿ ಪಕ್ಕಪಕ್ಕಕ್ಕೆ ಕಟ್ಟಿದ ಎರಡು ಮರದ ಮಾದರಿ ಹಡಗು, ಒಂದು ದೊಡ್ಡದು, ಒಂದು ಚಿಕ್ಕದು. ನಿಜವಾದ ಸಮುದ್ರದಲ್ಲಿ, ದಡಕ್ಕೆ ಬರಲಾರದ ದೊಡ್ಡ ಎಣ್ಣೆ ಹಡಗು ನಡುಗಡಲಲ್ಲೇ ನಿಂತು ಚಿಕ್ಕದಕ್ಕೆ ಎಣ್ಣೆ ದಾಟಿಸುತ್ತದೆ. ಆ ಹೊತ್ತಿನಲ್ಲಿ ಗಾಳಿ ಎದ್ದರೆ ನೊಗಕ್ಕೆ ಕಟ್ಟಿದ ಜೋಡೆತ್ತಿನಲ್ಲಿ ಒಂದು ಬೆದರಿದ ಹಾಗೆ. ಗಾಳಿರಾಯನ ಹೆಚ್ಚುಗಾರಿಕೆ ಇರುವುದು ಅಲ್ಲೇ. ಅವನ ಫ್ಯಾನುಗಳು ಸುಮ್ಮನೆ ಬೀಸುತ್ತಿರಲಿಲ್ಲ. ಕಣದಲ್ಲಿ ಮೊರ ಹಿಡಿದವರು ಕಾಯುವ ಗಾಳಿಯಂತೆ ನಿಂತು, ಉಸಿರೆಳೆದು, ತಟ್ಟನೆ ನುಗ್ಗುತ್ತಿದ್ದವು.

"ಕಣ್ಣು ಮುಚ್ಚಿದ್ರೆ ಸಮುದ್ರದಲ್ಲೇ ನಿಂತ ಹಾಗಿರುತ್ತೆ ಸಾರ್," ಎಂದು ಮಾದರಿ ಹಡಗುಗಳನ್ನು ಕಡೆಯುವ ಬಡಗಿ ಹೊಗಳುತ್ತಿದ್ದ.

ಅದಕ್ಕೇ ಗಾಳಿರಾಯ ಕಣ್ಣು ಮುಚ್ಚುತ್ತಿರಲಿಲ್ಲ. ಓಲಾಡುವ ಹಡಗುಗಳ ಕಡೆಗೂ ತಿರುಗುತ್ತಿರಲಿಲ್ಲ. ಎದುರು ಗೋಡೆಯ ಒಂದು ಮೊಳೆಗೆ ದೃಷ್ಟಿ ನೆಟ್ಟು ನಿಲ್ಲುತ್ತಿದ್ದ.

ಆ ದಿನ ಎಣ್ಣೆ ಹಡಗಿನ ಕ್ಯಾಪ್ಟನ್ ಪರೀಕ್ಷೆ ನೋಡಲು ಬರುವವರಿದ್ದರು. ದೊಡ್ಡ ಸಾಹೇಬರು ಮೊದಲೇ ಹೇಳಿದ್ದರು: "ಅವರು ನಂಬಿದ್ರೆ ಸರಿ. ಇಲ್ಲಾಂದ್ರೆ ನೀವೇ ಹಡಗು ಹತ್ತಿ ನಿಜವಾದ ಗಾಳಿ ಅಳೆದುಕೊಂಡು ಬರಬೇಕಾಗುತ್ತೆ."

ಶೆಡ್ಡಿನ ಬಾಗಿಲಲ್ಲೇ ಗಾಳಿರಾಯನನ್ನು ಸ್ಟೋರಕ್ಕ ಹಿಡಿದಳು. ಸಾಮಾನು ಕೋಣೆಯ ಬೀಗದ ಜೊತೆಗೆ ಇಡೀ ಶೆಡ್ಡಿನ ಕಷ್ಟಸುಖವೂ ಅವಳ ಸುಪರ್ದಿಯಲ್ಲಿತ್ತು.

"ಜೇಬಲ್ಲಿ ಏನಣ್ಣ ಅದು, ಗುಂಡಗೆ?"

"ಕೀಲಿ ಗೊಂಚಲು."

"ನನಗೇ ಹೇಳ್ತೀಯಾ? ನಿಂಬೆಹಣ್ಣಿನ ವಾಸನೆ ಬರೋ ಕೀಲಿ ಯಾವುದು?"

ಅವನು ಜಾರಿಕೊಂಡ. ಅಷ್ಟರಲ್ಲಿ ಸಾಹೇಬರೂ ಕ್ಯಾಪ್ಟನ್ನರೂ ಬಂದೇಬಿಟ್ಟರು. ತಲೆ ಬೆಳ್ಳಗಾದ, ಹೆಚ್ಚು ಮಾತಿಲ್ಲದ ಮನುಷ್ಯ ಕ್ಯಾಪ್ಟನ್. ತೊಟ್ಟಿಯನ್ನು ನೋಡಿ, "ಸಮುದ್ರ ಇಷ್ಟು ಚಿಕ್ಕದಾ?" ಎಂದರು.

ಫ್ಯಾನು ಶುರುವಾಯಿತು. ಗಾಳಿರಾಯ ಮೊಳೆ ನೋಡುತ್ತ ವಿವರಿಸಿದ: "ದೊಡ್ಡ ಹಡಗಿನ ಮರೆಯಲ್ಲಿ ಚಿಕ್ಕದು ಈಗ ತಣ್ಣಗಿದೆ. ಎಣ್ಣೆ ಇಳಿದಷ್ಟೂ ದೊಡ್ಡದು ಹಗುರಾಗಿ ಮೇಲೇಳುತ್ತೆ, ಗಾಳಿಗೆ ಮೈ ಕೊಡುತ್ತೆ. ಮುಕ್ಕಾಲು ಇಳಿದ ಮೇಲೆ ಬರೋ ಮೊದಲ ಬೀಸಿಗೆ ಚಿಕ್ಕದನ್ನ ಒತ್ತುತ್ತೆ. ಅದಕ್ಕೆ ಮುಂಚೆ ಹಡಗು ತಿರುಗಿಸಿಕೊಳ್ಳಬೇಕು."

ಬಡಗಿ ಎಣ್ಣೆಯ ಬದಲು ಸೀಸದ ತುಂಡುಗಳನ್ನು ಒಂದೊಂದಾಗಿ ದೊಡ್ಡದರಿಂದ ಚಿಕ್ಕದಕ್ಕೆ ಸಾಗಿಸತೊಡಗಿದ. ಎಲ್ಲ ಸರಿಯಾಗೇ ಇತ್ತು. ಆದರೆ ಸ್ಟೋರಕ್ಕನಿಗೆ ಬಂದವರ ಮೇಲೆ ಕರುಣೆ ಉಕ್ಕಿತು. "ಪಾಪ, ಸೆಕೆ," ಎನ್ನುತ್ತ ಕಿಟಕಿ ತೆರೆದಳು. ಹೊರಗಿನ ಗಾಳಿ ಅಳಿಯನಂತೆ ದಡಬಡನೆ ಒಳಗೆ ಬಂತು. ಹಡಗುಗಳು ಹೊಯ್ದಾಡಿದವು.

"ಸಾರ್, ಇಲ್ಲಿ ನೋಡಿ!" ಬಡಗಿ ಕೂಗಿದ.

ಗಾಳಿರಾಯ ನೋಡಿಬಿಟ್ಟ. ಶೆಡ್ಡು ಗಿರ್ರನೆ ತಿರುಗಿತು. ಕೈ ತಾನಾಗಿ ಜೇಬಿಗೆ ಹೋಯಿತು. ನಿಂಬೆಹಣ್ಣು ಮೂಗಿನವರೆಗೆ ಬಂದದ್ದು ಬೆರಳಿನಿಂದ ಜಾರಿ, ತೊಟ್ಟಿಯ ಅಂಚಿಗೆ ಬಡಿದು, ಎರಡು ಹಡಗಿನ ಸಂದಿಗೆ ಬಿತ್ತು.

"ಏನ್ರೀ ಅದು?" ಸಾಹೇಬರ ಮುಖ ಕೆಂಪಾಯಿತು. "ಇಷ್ಟೊಳ್ಳೆ ಕೆಲಸಕ್ಕೆ ಹುಳಿ ಹಿಂಡಿಬಿಟ್ರಲ್ಲ!"

ಸ್ಟೋರಕ್ಕ ಕಿಟಕಿ ಮುಚ್ಚಿ ಓಡಿಬಂದಳು. "ಅದು ಅಳತೆಗೆ ಸಾರ್! ಒತ್ತಡ ಎಷ್ಟು ಅಂತ ಕಣ್ಣಿಗೆ ಕಾಣ್ಲಿ ಅಂತ ಅಣ್ಣನೇ ತಂದಿರೋದು."

ಕ್ಯಾಪ್ಟನ್ ಬಗ್ಗಿದರು. "ತೆಗೀಬೇಡಿ. ನಡೀಲಿ."

ಹೊಯ್ದಾಟ ನಿಂತಿತು. ಸೀಸ ಮತ್ತೆ ಸಾಗಿತು. ಅರ್ಧ ಇಳಿದಾಗಲೂ ಹಣ್ಣು ಸಂದಿಯಲ್ಲಿ ಹಾಯಾಗಿ ತೇಲುತ್ತಿತ್ತು. ಮುಕ್ಕಾಲು ಇಳಿಯಿತು. ಫ್ಯಾನುಗಳು ಉಸಿರೆಳೆದವು. ಗಾಳಿರಾಯ ಮೊಳೆಯನ್ನೇ ನೋಡುತ್ತ, "ಈಗ," ಎಂದ.

ಪಚ್ ಎಂದಿತು ಹಣ್ಣು. ರಸ ಕ್ಯಾಪ್ಟನ್ನರ ಮೀಸೆಗೆ ಸಿಡಿಯಿತು.

ಅವರು ಮೀಸೆ ಒರೆಸಿಕೊಳ್ಳಲಿಲ್ಲ. "ಈ ಗಾಳಿ ನನಗೆ ಗೊತ್ತು," ಎಂದರು ಮೆಲ್ಲಗೆ. "ಒಂದು ಸಲ ನನ್ನ ಹಡಗನ್ನ ಹೀಗೇ ಒತ್ತಿತ್ತು. ಯಾಕೆ ಅಂತ ಇವತ್ತು ತಿಳೀತು. ನಂಬಿದೆ ಮಾರಾಯ್ರೆ, ಪೂರ್ತಿ ನಂಬಿದೆ."

ಬಡಗಿ ಚಪ್ಪಾಳೆ ತಟ್ಟಿದ. ಗಾಳಿರಾಯನಿಗೆ ಹೋದ ಜೀವ ಬಂದಂತಾಯಿತು. ಇನ್ನು ಸಮುದ್ರದ ಮಾತಿಲ್ಲ!

"ಸಾಹೇಬ್ರೆ," ಕ್ಯಾಪ್ಟನ್ ತಿರುಗಿದರು, "ನೀರಿನ ಕಡೆ ನೋಡದೆ ಗಾಳಿ ಹೇಳೋ ಮನುಷ್ಯನ್ನ ನಾನು ಕಂಡಿರಲಿಲ್ಲ. ಮುಂದಿನ ಸಲ ಸಮುದ್ರದಲ್ಲಿ ಎರಡು ಹಡಗು ಜೋಡಿಸಿ ಕಟ್ಟುವಾಗ ಇವರು ನನ್ನ ಪಕ್ಕದಲ್ಲೇ ಇರಬೇಕು."

"ಧಾರಾಳವಾಗಿ ಕರ್ಕೊಂಡು ಹೋಗಿ!" ಎಂದರು ಸಾಹೇಬರು.

ಇನ್ನು ಮಾನ ನೋಡಿದರೆ ಪ್ರಾಣ ಉಳಿಯದು. "ಸಾರ್," ಗಾಳಿರಾಯ ಎಲ್ಲರೆದುರೇ ಒಪ್ಪಿಕೊಂಡ, "ಆ ಹಣ್ಣು ಅಳತೆಗಲ್ಲ, ಮೂಸೋದಕ್ಕೆ. ಉಯ್ಯಾಲೆ ಕಂಡ್ರೂ ನನಗೆ ವಾಂತಿ ಬರುತ್ತೆ. ಹಡಗು ನನ್ನಿಂದಾಗದು."

ಕ್ಯಾಪ್ಟನ್ ತಮ್ಮ ಕೋಟಿನ ಒಳಜೇಬಿಗೆ ಕೈ ಹಾಕಿ, ಮೂಸಿ ಮೂಸಿ ಸವೆದ ಒಂದು ನಿಂಬೆಹಣ್ಣು ಹೊರತೆಗೆದು ಅವನ ಅಂಗೈಯಲ್ಲಿಟ್ಟರು.

"ನನ್ನ ಕೂದಲು ಬೆಳ್ಳಗಾಗಿದ್ದು ಇದರ ಜೊತೆಗೇ. ಒಬ್ಬನೇ ಮೂಸಿ ಬೇಜಾರಾಗಿತ್ತು. ಜೊತೆ ಸಿಕ್ತು, ಬನ್ನಿ."

ಸಂಜೆ ಬಾಗಿಲಲ್ಲೇ ಹೆಂಡತಿ ಕೇಳಿದಳು: "ನಿಂಬೆಹಣ್ಣು ಉಪಯೋಗಕ್ಕೆ ಬಂತೇನ್ರೀ?"

"ಬಂತು," ಎಂದು ಗಾಳಿರಾಯ ಹೊಸ್ತಿಲ ಮೇಲೆ ಕುಸಿದು ಕೂತ. "ಇನ್ನು ಒಂದು ಮೂಟೆನೇ ಬೇಕು."