ಕಾಕಾನ ಹದಿನೆಂಟು ಗುಂಟೆ

ಜೂನ್ ಹದಿನೈದು, ಭಾನುವಾರ, ಬೆಳಗ್ಗೆ ಒಂಬತ್ತೂ ಇಪ್ಪತ್ತು. ದಿನಚರಿಯಲ್ಲಿ ಗಂಟೆ ನಿಮಿಷವನ್ನೂ ಬರೆದಿಡುವುದು ನನ್ನ ಚಟ. ಎಮ್ಮೆ ಎಷ್ಟು ಹಾಲು ಕೊಟ್ಟಿತು, ಕರೆಂಟು ಎಷ್ಟು ಹೊತ್ತು ಹೋಗಿತ್ತು, ಎಲ್ಲದಕ್ಕೂ ನನ್ನ ಬಳಿ ಲೆಕ್ಕವಿದೆ. ಕೇಳುವವರು ಮಾತ್ರ ಇಲ್ಲ. ಅಂಥವಳ ಮೇಲೆ ಲೆಕ್ಕ ತಪ್ಪಿಸಿದ ಆರೋಪ ಬಂದದ್ದು ಮೇಲೆ ಹೇಳಿದ ಆ ನಿಮಿಷದಲ್ಲಿ.

ಆರೋಪ ಹೊರಿಸಿದವನು ನನ್ನ ಕಾಕಾ. ಗೋವಿನಜೋಳಕ್ಕೆ ಎಷ್ಟು ಗೊಬ್ಬರ ಬೇಕೆಂದು ಹೇಳುವ ಆ್ಯಪ್ ಒಂದನ್ನು ಅವನ ಮೊಬೈಲಿಗೆ, ಅವನೊಬ್ಬನದೇಕೆ, ಅರ್ಧ ಓಣಿಯ ಮೊಬೈಲಿಗೆ ಹಾಕಿಕೊಟ್ಟವಳು ನಾನೇ. ಅದು ಹೇಳಿದಷ್ಟೇ ಗೊಬ್ಬರ ತಂದ ಕಾಕಾ ಹೊಲದ ಕೊನೆ ಮುಟ್ಟುವ ಮೊದಲೇ ಚೀಲ ಖಾಲಿಯಾಗಿತ್ತು.

"ಯವ್ವಾ, ನಿನ್ನ ಆ್ಯಪ್ ನನ್ನ ಹೊಲಾನ ನುಂಗೇತಿ ನೋಡ!"

"ನನ್ನ ಆ್ಯಪ್ ಅಲ್ಲೋ ಕಾಕಾ."

"ಹಾಕ್ಕೊಟ್ಟಾಕಿ ಯಾರ ಮತ್ತ? ಓಣ್ಯಾಗ ಉಳದಾವ್ರು ಬಿತ್ತೂದ್ರಾಗ ಸರಿ ಮಾಡ್ಸು. ಇಲ್ಲಂದ್ರ ಮನಿ ಮನಿಗಿ ಹೋಗಿ ಹೇಳ್ತೇನಿ."

ನೋಡಿದರೆ ಕಾಕಾ ಒತ್ತಿದ್ದು 1.30. ನಮ್ಮ ಏಕಸಂಬಿಯಲ್ಲಿ ಹಾಗೆಂದರೆ ಒಂದು ಎಕರೆ ಮೂವತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆಯಾದ್ದರಿಂದ ಒಂದೂ ಮುಕ್ಕಾಲು ಎಕರೆಯಾಯಿತು. ಆ್ಯಪಿಗೆ ಇದು ಗೊತ್ತಿಲ್ಲ. ಅದು ಒಂದೂಕಾಲು ಎಕರೆಗಿಂತ ತುಸು ಹೆಚ್ಚು ಎಂದುಕೊಂಡಿತು. ನಡುವೆ ಹದಿನೆಂಟು ಗುಂಟೆ ಮಾಯ! ಒಂದೇ ಗುಂಟೆಗಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ಸೀಮೆಯಿದು.

ಪುಣ್ಯಕ್ಕೆ ಆ ಆ್ಯಪ್ ಓಪನ್ ಸೋರ್ಸ್. ಅದರ ಒಳಗಿನ ಕೋಡ್ ಎಲ್ಲರ ಕಣ್ಣಿಗೂ ತೆರೆದಿರುತ್ತದೆ. ಯಾರು ಬೇಕಾದರೂ ತಿದ್ದಿ ಕಳಿಸಬಹುದು, ನೋಡಿಕೊಳ್ಳುವವರು ಒಪ್ಪಿದರೆ ಸೇರಿಸಿಕೊಳ್ಳುತ್ತಾರೆ. ಡಿಪ್ಲೊಮಾದಲ್ಲಿ ಕಲಿತ ನನ್ನ ವಿದ್ಯೆ ಅಂಕಪಟ್ಟಿಯಲ್ಲಿ ಮಲಗಿತ್ತು, ಎಬ್ಬಿಸಿದೆ. ಎಕರೆಯ ಪಕ್ಕದಲ್ಲಿ ಗುಂಟೆಗೆಂದೇ ಬೇರೆ ಚೌಕ ಮಾಡಿದೆ. ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಕೋಡಿನ ಸಾಲುಗಳು ಒಂದು ಅತ್ತ, ಒಂದು ಇತ್ತ ವಾಲಿದ್ದವು. ನನ್ನ ಕೈ ಸುಮ್ಮನಿದ್ದೀತೇ? ಎಲ್ಲ ಸಾಲುಗಳನ್ನೂ ನೇರ ಮಾಡಿ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ಕಳಿಸಿಬಿಟ್ಟೆ.

ಆ್ಯಪನ್ನು ನೋಡಿಕೊಳ್ಳುವವರು ಪೋರ್ಚುಗಲ್‌ನ ಒಬ್ಬ ಮೇಡಂ. ಇಡೀ ಫೈಲೇ ಬದಲಾಗಿದೆ, ಇದರಲ್ಲಿ ನೀವು ನಿಜಕ್ಕೂ ತಿದ್ದಿದ್ದು ಯಾವುದು ಎಂದು ಬಹಳ ಮರ್ಯಾದೆಯಿಂದ ಕೇಳಿ ವಾಪಸು ಕಳಿಸಿದರು. ನಲ್ಲಿ ರಿಪೇರಿಗೆ ಬಂದವನು ಮನೆಗೆಲ್ಲ ಸುಣ್ಣ ಬಳಿದು ಹೋದಂತಾಗಿತ್ತು.

"ಮಂದಿ ಅಡಗಿಮನ್ಯಾಗ ಹೋಗಿ ಡಬ್ಬಿ ಹೊಂದಿಸಿ ಬಂದಿ," ಎಂದಳು ಅವ್ವ. "ನಮ್ಮನ್ಯಾಗ ಒಂದ ದಿನರೆ ಹೊಂದಿಸಿಯೇನ?"

ನೇರ ಮಾಡಿದ್ದನ್ನೆಲ್ಲ ಮತ್ತೆ ಸೊಟ್ಟ ಮಾಡಿದೆ. ನನ್ನ ಬಾಳಿನಲ್ಲಿ ಅದಕ್ಕಿಂತ ಕಷ್ಟದ ಕೆಲಸ ಮಾಡಿಲ್ಲ. ಗುಂಟೆಯ ಚೌಕವೊಂದನ್ನೇ ಉಳಿಸಿ ಕಳಿಸಿದೆ. 1.75 ಎಂದು ಒತ್ತಿದರೆ ಸಾಲದೇ ಎಂದು ಮೇಡಂ ಕೇಳಿದರು. ನಮ್ಮೂರಲ್ಲಿ ಹೊಲವನ್ನು ಹಾಗೆ ಹೇಳಿದರೆ, ಬಿಸಿಲು ತಲೆಗೇರಿದೆಯೆಂದು ಜನ ಮೊದಲು ಕೂರಿಸಿ ನೀರು ಕೊಡುತ್ತಾರೆ ಎಂದು ಬರೆದೆ. ನಕ್ಕರೋ ಏನೋ, ಗುರುವಾರ ಸಂಜೆ ಆರೂ ಹತ್ತಕ್ಕೆ ಉತ್ತರ ಬಂತು: ಸೇರಿಸಿದ್ದೇವೆ, ಧನ್ಯವಾದ.

ನಾನು ಕೂಗಿದ ಕೂಗಿಗೆ ಎಮ್ಮೆ ಹಗ್ಗ ಜಗ್ಗಿತು. ಹೊಸ ಆ್ಯಪ್ ಇಳಿದ ದಿನ ಓಣಿಯವರು ನಮ್ಮ ಕಟ್ಟೆಯ ಮೇಲೆ ಸೇರಿದ್ದರು. ಅವರ ಬಿತ್ತನೆ ಇನ್ನೂ ಬಾಕಿ ಇತ್ತು. ಕಾಕಾ ಒಂದು ಚೌಕದಲ್ಲಿ ಒಂದು, ಇನ್ನೊಂದರಲ್ಲಿ ಮೂವತ್ತು ಒತ್ತಿದ. ಲೆಕ್ಕ ಸರಿಯಾಗಿ ಬಂತು.

"ಬಂತ್ರೋ! ನನ್ನ ಹೊಲಾ ಹೊಳ್ಳಿ ಬಂತು! ನಮ್ಮ ಹುಡುಗಿ ಪರದೇಶದಾವ್ರಿಗೆ ಗುಂಟೆ ಕಲಿಸ್ಯಾಳ!"

ಆ್ಯಪ್ ಕಟ್ಟಿದವರ ಪಟ್ಟಿಗೆ ಸೇರಿದ್ದ ನನ್ನ ಹೆಸರನ್ನು ಎಲ್ಲರಿಗೂ ತೋರಿಸಿದೆ, ಕೇಳದವರಿಗೂ. ಆ ಗೆಲುವಿನ ಅಮಲಿನಲ್ಲೇ ಮೇಡಂಗೆ ಇನ್ನೊಂದು ಸಾಲು ಬರೆದು ಕಳಿಸಿದೆ: ನಮ್ಮಲ್ಲಿ ಗುಂಟೆಗಿಂತ ಚಿಕ್ಕ ಅಳತೆಯೇ ಇಲ್ಲ, ಇದಕ್ಕೆ ನಾನು ಜವಾಬ್ದಾರಿ.

ಕಳಿಸಿ ಮೊಬೈಲ್ ಕೆಳಗಿಟ್ಟೆ. ಕಾಕಾ ಕನ್ನಡಕ ಏರಿಸಿ ಪರದೆಯನ್ನು ಮತ್ತೊಮ್ಮೆ ನೋಡಿದ.

"ಎಲ್ಲಾ ಬರೋಬ್ಬರಿ ಐತಿ ಯವ್ವಾ. ಆಣೆ ಎಲ್ಲಿ ಹಾಕೂದ?"

ಗುಂಟೆಗೆ ಹದಿನಾರು ಆಣೆಯಂತೆ. ನಿಮ್ಮ ಕಡೆಯೂ ಹಾಗೆಯೇ? ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿ. ಮೂರನೆಯ ಚೌಕದ ಸುದ್ದಿಯನ್ನು ಪೋರ್ಚುಗಲ್‌ಗೆ ಯಾವ ಮುಖದಿಂದ ತಿಳಿಸಲಿ ಎಂಬುದನ್ನೂ.